ಕುದುರೆ ಬಾಲ, ಊರ ಮಂದಿಯ ವೈದ್ಯ

ನರುಳ್ಳೆಗೆ ಕುದುರೆ ಬಾಲದ ಕೂದಲು ಕಟ್ಟಿದರೆ ಉದುರಿಹೋಗುತ್ತದೆ ಎಂಬ ವೈದ್ಯ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ? ಮೈಸೂರಿನಲ್ಲಿ ಟಾಂಗಾ ನಿಲ್ಲುವ ಕಡೆ ಸವಾರಿಗಲ್ಲದೆ ಒಂದೆಳೆ ಕೂದಲಿಗಾಗಿಯೇ ಹಲ್ಲು ಕಿರಿದು ನಿಂತವರನ್ನು ನೋಡಿದ್ದೇನೆ. ಟಾಂಗಾದವನು ಧಾರಾಳಿ, ಕಿತ್ತು ಕೊಡುತ್ತಾನೆ. ಕುದುರೆಯನ್ನು ಕೇಳುವವರಿಲ್ಲ. ಅದಿರಲಿ, ಆ ಕುದುರೆಯ ಮೈಮೇಲೇ ನರುಳ್ಳೆ ಎದ್ದರೆ ಯಾರ ಬಾಲದ ಕೂದಲು ಕಟ್ಟೋಣ?

ಏಳುತ್ತದೆ ಸ್ವಾಮಿ! ನರುಳ್ಳೆಯಂತೆಯೇ ಕಾಣುವ ಆ ಗಂಟಿಗೆ ಸಾರ್ಕಾಯ್ಡ್ ಎನ್ನುತ್ತಾರೆ. ಕುದುರೆಯ ಚರ್ಮದ ಗೆಡ್ಡೆಗಳಲ್ಲೆಲ್ಲ ಇದೇ ಹೆಚ್ಚು. ದನಗಳಲ್ಲಿ ನರುಳ್ಳೆ ಏಳಿಸುವ ವೈರಸ್ಸೇ ಇದರ ಹಿಂದೆಯೂ ಇದೆ. ಕೊಟ್ಟಿಗೆ ಬೇರೆಯಾದರೇನು, ನೊಣಕ್ಕೆ ಗೋಡೆಯೇ? ಅರೆಬರೆ ಕೊಯ್ದರೆ ಇದು ಸಿಟ್ಟಿಗೆದ್ದು ಮೊದಲಿಗಿಂತ ದೊಡ್ಡದಾಗಿ ಬರುತ್ತದೆ. ಹಾಗಾಗಿ ಪಶುವೈದ್ಯರು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುವುದೋ, ಕ್ಯಾನ್ಸರ್ ಔಷಧ ಚುಚ್ಚುವುದೋ ಮಾಡುತ್ತಾರೆ. ಕಣ್ಣಿನ ಸುತ್ತ ಎದ್ದದ್ದಕ್ಕೆ ಬಿಸಿಜಿ ಚುಚ್ಚುವುದೂ ಉಂಟು. ಹೌದು, ನಮ್ಮ ಮಕ್ಕಳಿಗೆ ಹುಟ್ಟಿದ ಕೂಡಲೇ ತೋಳಿಗೆ ಹಾಕಿಸುತ್ತೇವಲ್ಲ, ಅದೇ. ಇದನ್ನು ಹೇಳಿದಾಗ ಒಬ್ಬ ಟಾಂಗಾದವನು ಬೀಡಿ ಕೆಳಗಿಳಿಸಿ, "ಹಂಗಾದ್ರೆ ಪೋಲಿಯೋ ಹನಿ ಯಾವತ್ತು ಸಾರ್?" ಎಂದ.

ಬಾಲದ ಮಾತು ಬಂತಲ್ಲ, ವಿಜಯನಗರದಲ್ಲಿ ಅದಕ್ಕಿದ್ದ ಬೆಲೆ ಗೊತ್ತೇ? ಸಾಳುವ ನರಸಿಂಹ ಸಮುದ್ರದಾಚೆಯಿಂದ ಕುದುರೆ ತರಿಸುತ್ತಿದ್ದ. ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿದ ಕುದುರೆಗೆ ಕೊಡುವ ಹಣವನ್ನೇ ಕೊಡುತ್ತಿದ್ದನಂತೆ. ಹೀಗೆಂದು ಬರೆದಿಟ್ಟವನು ಪೋರ್ಚುಗೀಸರ ನೂನಿಜ್. ಅವನೂ ಕುದುರೆ ವ್ಯಾಪಾರಿಯೇ ಆದ್ದರಿಂದ ಲೆಕ್ಕ ಎಷ್ಟು ನಂಬಬೇಕೆಂಬುದು ನಿಮಗೆ ಬಿಟ್ಟದ್ದು. ಬಾಲ ಎಣಿಸಿ ದುಡ್ಡು ಕೊಟ್ಟ ಗುಮಾಸ್ತರು ಬಾಲದ ಕೆಳಗೆ ನೋಡಿದ್ದರೋ ಇಲ್ಲವೋ.

ನೋಡಬೇಕಾದದ್ದು ಅಲ್ಲಿಯೇ. ಬಿಳಿ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟುವಾಗ ಬಿಳಿ ಅಲ್ಲ. ಕಪ್ಪೋ ಕಂದೋ ಆಗಿ ಹುಟ್ಟಿ ವರ್ಷಗಳು ಕಳೆದಂತೆ ನರೆಯುತ್ತವೆ. ಹಾಗೆ ನರೆಸುವ ಜೀನ್ ಯಾವುದೆಂದು 2008ರಲ್ಲಿ ಪತ್ತೆಯಾಯಿತು. ಬಣ್ಣ ಕಳೆಯುವ ಆ ಜೀನೇ ಕಪ್ಪು ಗಂಟುಗಳನ್ನೂ, ಅಂದರೆ ಮೆಲನೋಮವನ್ನೂ, ತರುತ್ತದೆ. 15 ವರ್ಷ ದಾಟಿದ ಇಂಥ ಕುದುರೆಗಳಲ್ಲಿ ನೂರಕ್ಕೆ 80ರಷ್ಟಕ್ಕೆ ಇದಿರುತ್ತದೆ ಎನ್ನುತ್ತಾರೆ. ಬಾಲದ ಬುಡದಲ್ಲಿ ಹುಣಸೆಬೀಜದ ಹಾಗೆ ಗಟ್ಟಿಯಾಗಿ, ಕಪ್ಪಗೆ ಕೈಗೆ ಸಿಗುತ್ತದೆ. ವರ್ಷಗಟ್ಟಲೆ ತೆಪ್ಪಗಿದ್ದು ಆಮೇಲೆ ಒಳಗೆ ಹಬ್ಬುವುದೂ ಉಂಟು. ಚಿಕ್ಕದಿದ್ದಾಗಲೇ ತೆಗೆಸಿ ಎನ್ನುವ ಡಾಕ್ಟರಿದ್ದಾರೆ, ಸುಮ್ಮನೆ ಕಣ್ಣಿಟ್ಟಿರಿ ಎನ್ನುವವರೂ ಇದ್ದಾರೆ. ಮದುವೆ ಮೆರವಣಿಗೆಯ ಬಿಳಿ ಕುದುರೆಯ ಮುಂದೆ ಕುಣಿಯುವವರಿಗೆ ಇದೆಲ್ಲ ಬೇಡದ ಸುದ್ದಿ, ಬಿಡಿ.

ಸವಾರಿಯ ಜೀನು ಕೂರುವ ಬೆನ್ನಿನ ಮೇಲೂ ಸಣ್ಣ ಗಂಟುಗಳು ಏಳುತ್ತವೆ. ನೋವಿಲ್ಲ, ಕೂದಲೂ ಉದುರಿರುವುದಿಲ್ಲ. ಜೀನು ಒತ್ತದಿದ್ದರೆ ಅವುಗಳ ಪಾಡಿಗೆ ಅವನ್ನು ಬಿಡಬಹುದು. ಹಿಸುಕದೆ ಇರಲು ನಮ್ಮ ಕೈ ಕೇಳಬೇಕಲ್ಲ!

ಒಂದು ಮಾತ್ರ ತಮಾಷೆಯಲ್ಲ. ಕಾಲಿನ ಒಳಬದಿಯಲ್ಲಿ ಹುರಿಯಂತೆ ಊದಿಕೊಂಡು, ಸಾಲಾಗಿ ಗಂಟೆದ್ದು, ಒಡೆದು ಕೀವು ಬರುತ್ತಿದ್ದರೆ, ಮೂಗಿನಿಂದಲೂ ಸುರಿಯುತ್ತಿದ್ದರೆ, ಅದು ಗ್ಲಾಂಡರ್ಸ್ ಇರಬಹುದು. ಮನುಷ್ಯರಿಗೂ ಅಂಟುವ ರೋಗ. ಬರಿಗೈಯಲ್ಲಿ ಮುಟ್ಟದೆ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಲೇಬೇಕು, ಕಾನೂನೂ ಅದನ್ನೇ ಹೇಳುತ್ತದೆ. ರಕ್ತಪರೀಕ್ಷೆಯಲ್ಲಿ ಖಚಿತವಾದರೆ ಕುದುರೆಗೆ ಚಿಕಿತ್ಸೆಯಿಲ್ಲ, ದಯಾಮರಣವೇ.

ಇನ್ನು ಊರಿನ ವೈದ್ಯರಿಗೆಲ್ಲ ಕೀರ್ತಿ ತಂದುಕೊಡುವ ಗಂಟು ಪಿತ್ತದ ಗಂಧೆ. ಹೊಸ ಮೇವಿಗೋ ಹುಳ ಕಡಿದದ್ದಕ್ಕೋ ರಾತ್ರಿ ಬೆಳಗಾಗುವಷ್ಟರಲ್ಲಿ ಮೈತುಂಬ ಏಳುತ್ತದೆ. ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಡಾಕ್ಟರು ಓಡಿಬರಬೇಕು. ಇಲ್ಲದಿದ್ದರೆ ಎಷ್ಟೋ ಸಲ ತಾನಾಗಿ ಇಳಿದುಹೋಗುತ್ತದೆ. ಅಷ್ಟರೊಳಗೆ ಒಬ್ಬ ಅರಿಶಿನ ಹಚ್ಚಿರುತ್ತಾನೆ, ಇನ್ನೊಬ್ಬ ಬೇವಿನಸೊಪ್ಪು ನೀವಾಳಿಸಿರುತ್ತಾನೆ, ಮೂರನೆಯವನು ಕಂಬಳಿಯಲ್ಲಿ ಉಜ್ಜಿರುತ್ತಾನೆ. ಸಂಜೆ ಮೈ ನುಣ್ಣಗಾದಾಗ ಮೂವರಿಗೂ ಜಗಳ. ಅದು ಇತ್ಯರ್ಥವಾಗುವ ಹೊತ್ತಿಗೆ ಟಾಂಗಾದವನು ಅರಮನೆ ಸುತ್ತಿಗೆ ಗಿರಾಕಿ ಹತ್ತಿಸಿಕೊಂಡು ಹೊರಟಾಗಿರುತ್ತದೆ.