ಗೋಡೆಯೊಳಗಿನ ತುಡುವೆ

ಕಳೆದ ಮಾಘಮಾಸದಲ್ಲಿ ನೆಮ್ಮಾರಿನ ನಮ್ಮ ಹಳೆಯ ಕೊಟ್ಟಿಗೆಯ ಮಣ್ಣುಗೋಡೆಯನ್ನು ಕೆಡಹಬೇಕಾಗಿ ಬಂದಿತು. ಅದರ ಬಿರುಕಿನೊಳಗೆ ತುಡುವೆಜೇನಿನ ಸಂಸಾರವೊಂದು ನೆಲೆಸಿದ್ದಿತು. ಕೆಲಸಕ್ಕೆ ಬಂದವನು, “ಸೂಡಿ ಹಿಡಿದು ಓಡಿಸ್ತೇನೆ ಮೇಷ್ಟ್ರೇ, ತುಪ್ಪ ನಿಮಗೇ” ಎಂದನು.

ನಾನು ಒಡಂಬಡಲಿಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ಮರಿಹುಳುಗಳನ್ನು ಕೊಂದು ಮಲೆನಾಡಿನ ಜೇನುಪೆಟ್ಟಿಗೆಗಳನ್ನು ಬರಿದುಮಾಡಿದುದನ್ನು ಕಂಡವನು ನಾನು. ಕಾಡಿನಲ್ಲಿ ಹೇಗೋ ಉಳಿದು ಬಂದ ವಂಶವನ್ನು ಬೆಂಕಿಗೊಡ್ಡುವುದೆಂತು? ಹಿಂದೊಮ್ಮೆ ಇಂಥದೇ ಸಾಹಸಮಾಡಿ, ಎರಿಯನ್ನು ತಲೆಕೆಳಗಾಗಿ ಕಟ್ಟಿ, ರಾಣಿಯನ್ನು ಹುಡುಕದೆಯೇ ಬಿಟ್ಟು, ಮೂರನೆಯ ದಿನ ಬರಿಯ ಪೆಟ್ಟಿಗೆಯನ್ನು ನೋಡಿ ನಿಂತ ಪಂಡಿತನೂ ನಾನೇ.

ಈ ಸಲ ಸಂಜೆಯವರೆಗೆ ಕಾದೆನು. ಮರಿಗಳಿದ್ದ ಎರಿಗಳನ್ನು ಮೆಲ್ಲನೆ ಕೊಯ್ದು, ಮೇಲಿನ ಅಂಚು ಮೇಲಕ್ಕೇ ಇರುವಂತೆ ಚೌಕಟ್ಟುಗಳಿಗೆ ಬಾಳೆನಾರಿನಿಂದ ಕಟ್ಟಿದೆನು. ಬಿರುಕಿನ ತುದಿಯಲ್ಲಿ ಅಡಗಿದ್ದ ಉದ್ದೊಡಲಿನ ರಾಣಿಯನ್ನು ಪೆಟ್ಟಿಗೆಗೆ ಬಿಟ್ಟೊಡನೆ ಪರಿವಾರವೆಲ್ಲ ಸಾಲುಸಾಲಾಗಿ ನಡೆದೇ ಒಳಹೊಕ್ಕಿತು. ನನಗೆ ದೊರೆತ ದಕ್ಷಿಣೆ ಐದು ಕುಟುಕು. ಅರ್ಧ ಬಟ್ಟಲು ತುಪ್ಪವೂ ಸಿಕ್ಕಿತು. ಅದನ್ನು ಅವುಗಳಿಗೇ ಇಟ್ಟೆನು. ಮನೆಯಾಕೆ ನಕ್ಕಳು. ಪಾಠಶಾಲೆಯ ದಿನಗಳಲ್ಲಿ ಮನೆಮನೆಯ ವಾರಾನ್ನದಿಂದ ಹೊಟ್ಟೆ ಹೊರೆದವನಿಗೆ ಮಧುಕರಗಳ ಬುತ್ತಿಯನ್ನು ಕಸಿಯುವುದು ಅಷ್ಟು ಸುಲಭವಲ್ಲ.

ಮರುದಿನ ಗೋಡೆ ಬಿದ್ದಮೇಲೂ ಕೆಲವು ಹುಳುಗಳು ಬಯಲಿನಲ್ಲಿ ಆ ಬಿರುಕನ್ನೇ ಅರಸುತ್ತಿದ್ದವು. ಆದುದರಿಂದ ಪೆಟ್ಟಿಗೆಯನ್ನು ಅಲ್ಲಿಯೇ ನಿಲ್ಲಿಸಿದೆನು. ಐದನೆಯ ದಿನ ಒಂದು ಹುಳು ಕಾಲುಗಳಲ್ಲಿ ಹಳದಿಯ ಪರಾಗವನ್ನು ಹೊತ್ತು ಬಾಗಿಲಿಗಿಳಿಯಿತು, ಹಿಂದೆಯೇ ಇನ್ನೊಂದು.

“ತುಪ್ಪ ಯಾವಾಗ ಮೇಷ್ಟ್ರೇ?” ಎಂದನು ಅವನು.

“ಮಳೆಗಾಲಕ್ಕೆ ಅವಕ್ಕೆ ಸಾಕಾಗಿ ಉಳಿದರೆ ನೋಡೋಣ” ಎಂದೆನು.