ಗಾಲ್ವೇಗೆ ಹೊರಟ ಅಕ್ಕನಿಗೆ

ಪ್ರೀತಿಯ ಅಕ್ಕಾ,

ನಿಮ್ಮ ಕಾಗದ ತಲುಪಿತು. ಮೊಮ್ಮಗನನ್ನು ನೋಡಿಕೊಳ್ಳಲು ಐರ್ಲೆಂಡಿನ ಗಾಲ್ವೇಗೆ ಹೊರಟಿದ್ದೀರಿ. "ಅಲ್ಲಿಯ ಜನರ ಹತ್ತಿರ ನಾನು ಏನು ಮಾತಾಡಲಿ? ನನ್ನ ಇಂಗ್ಲಿಷು ಅಂಗಡಿ ವ್ಯವಹಾರಕ್ಕೆ ಸಾಕು, ಅಷ್ಟೇ" ಎಂದು ಬರೆದಿದ್ದೀರಿ. ಕಡೆಯಲ್ಲಿ, ಹೇಳಲೋ ಬೇಡವೋ ಅನ್ನುವ ಹಾಗೆ, "ಒಂದಿಷ್ಟು ಹಾಡು ಬರುತ್ತೆ" ಎಂದು ಸೇರಿಸಿದ್ದೀರಿ. ಅಕ್ಕಾ, ಆ ಸೀಮೆಗೆ ಅದಕ್ಕಿಂತ ದೊಡ್ಡ ರಹದಾರಿ ಇನ್ನೊಂದಿಲ್ಲ. ನಾನು ಆ ಕಡೆ ಸುತ್ತಾಡಿದವನಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಗಾಲ್ವೇ, ಅದರ ದಕ್ಷಿಣಕ್ಕೆ ಅಂಟಿಕೊಂಡ ಕ್ಲೇರ್ ಜಿಲ್ಲೆ, ಎರಡೂ ಐರ್ಲೆಂಡಿನ ಪಶ್ಚಿಮ ಕರಾವಳಿ. ಅಲ್ಲಿ ಸಂಜೆಯಾದರೆ ಯಾವುದಾದರೂ ಪಬ್ಬಿನ ಮೂಲೆಯಲ್ಲಿ ನಾಲ್ಕಾರು ಜನ ವಾದ್ಯ ಹಿಡಿದು ದುಂಡಗೆ ಕೂರುತ್ತಾರೆ. ಅದಕ್ಕೆ ಸೆಷನ್ ಅನ್ನುತ್ತಾರೆ. ವೇದಿಕೆ ಇಲ್ಲ, ಸಾಮಾನ್ಯವಾಗಿ ಮೈಕೂ ಇಲ್ಲ, ಟಿಕೆಟ್ಟೂ ಇಲ್ಲ. ಅವರು ನುಡಿಸುವುದು ಒಬ್ಬರ ಮುಖ ಒಬ್ಬರು ನೋಡಿಕೊಂಡು. ಕೇಳುವವರು ಸುತ್ತ ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಪಬ್ಬು ಅಂದ ಕೂಡಲೇ ನಿಮಗೆ ಮುಜುಗರವಾಗುತ್ತದೆ ಎಂದು ಗೊತ್ತು. ಆದರೆ ಅಲ್ಲಿ ಅದು ಊರಿನವರೆಲ್ಲ ಸೇರುವ ಜಾಗ. ಅಜ್ಜಿಯರು ಬರುತ್ತಾರೆ, ಸಂಜೆ ಹೊತ್ತು ಅಪ್ಪ ಅಮ್ಮನ ಜೊತೆ ಮಕ್ಕಳೂ ಬರುತ್ತಾರೆ. 2004ರಿಂದ ಒಳಗೆ ಬೀಡಿ ಸಿಗರೇಟು ಸೇದುವ ಹಾಗಿಲ್ಲ. ಟೀ ಕೇಳಿದರೆ ಟೀ ಕೊಡುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಗಾಲ್ವೇಯ ಸೀ ರೋಡಿನಲ್ಲಿರುವ ಕ್ರೇನ್ ಬಾರಿನಿಂದ ಶುರು ಮಾಡಿ. ಮೊದಲ ಸಲ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಆಮೇಲೆ ನೀವೊಬ್ಬರೇ ಹೋಗುತ್ತೀರಿ, ನೋಡುತ್ತಿರಿ.

ಮೊದಮೊದಲು ಎಲ್ಲ ಒಂದೇ ಥರ ಕೇಳಿಸುತ್ತದೆ. ಗಮನ ಕೊಟ್ಟರೆ ಕಟ್ಟು ಕಾಣುತ್ತದೆ. ಒಂದು ಧಾಟಿಗೆ ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ ನುಡಿಸುತ್ತಾರೆ. ಇಡೀ ಧಾಟಿ ಸಾಮಾನ್ಯವಾಗಿ ಮೂರು ಆವರ್ತ ಆಗುತ್ತಲೇ, ನಿಲ್ಲಿಸದೆ, ಕಣ್ಸನ್ನೆಯಲ್ಲೇ ಇನ್ನೊಂದಕ್ಕೆ ದಾಟುತ್ತಾರೆ. ಪುಸ್ತಕ ನೋಡುವವರಿಲ್ಲ, ಎಲ್ಲ ಕಿವಿಪಾಠ. ಫಿಡಲ್, ಕೊಳಲು, ಕಾನ್ಸರ್ಟೀನಾ, ಮೊಣಕೈಯಿಂದ ತಿದಿ ಒತ್ತಿ ಊದಿಸುವ ಇಲನ್ ಪೈಪು, ಎಲ್ಲವೂ ಅದೇ ಒಂದು ಧಾಟಿಯನ್ನು ಜೊತೆಯಾಗಿ ನುಡಿಸುತ್ತವೆ. ಒಬ್ಬೊಬ್ಬರೂ ಹಾಕುವ ಸಣ್ಣ ಸಣ್ಣ ತಿರುವು ಮಾತ್ರ ಬೇರೆ. ಸಂಗೀತ ಕಲಿತವರು ನೀವು, ಬೇಗ ಹಿಡಿಯುತ್ತೀರಿ: ಬಹಳಷ್ಟು ಧಾಟಿಗಳ ಸ್ವರಗಳು ನಮ್ಮ ಶಂಕರಾಭರಣದವು, ಕೆಲವು ಹರಿಕಾಂಭೋಜಿಯವು, ಮನಸ್ಸನ್ನು ಕಲಕುವ ಇನ್ನು ಕೆಲವು ಖರಹರಪ್ರಿಯದವು. ರಾಗ ಅಂತ ಅವರು ಅನ್ನುವುದಿಲ್ಲ, ನಮ್ಮ ಗಮಕಗಳೂ ಅಲ್ಲಿಲ್ಲ. ಆದರೂ ಕಿವಿಗೆ ಕಾಲೂರಲು ನೆಲ ಸಿಗುತ್ತದೆ. ಇನ್ನು ಮೇಕೆ ಚರ್ಮದ ಬೌರಾನ್ ನೋಡಿದರೆ ನಿಮಗೆ ನಮ್ಮ ತಮಟೆ ನೆನಪಾಗದೆ ಇರದು. ತಮಟೆಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತಾರಲ್ಲ, ಅಲ್ಲಿ ಚರ್ಮ ಬಿಗಿಯಾದರೆ ಅಂಗೈಯಿಂದ ನೀರು ಸವರಿ ಸಡಿಲ ಮಾಡುವುದನ್ನು ನೋಡಿದ್ದೇನೆ.

ಫಿಡಲ್ ಎಂದರೆ ನಮ್ಮ ಪಿಟೀಲೇ, ಬೇರೇನಲ್ಲ. ಅವರು ಗದ್ದದ ಕೆಳಗೆ ಹಿಡಿಯುತ್ತಾರೆ, ನಮ್ಮವರು ನೆಲದ ಮೇಲೆ ಕೂತು ಅದರ ತುದಿಯನ್ನು ಕಾಲ ಮೇಲೆ ಊರುತ್ತಾರೆ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನುಡಿಸುತ್ತಿದ್ದರು ಅಂದಾಗ ಒಬ್ಬ ಫಿಡಲ್ ವಾದಕರು ಕಮಾನು ಕೆಳಗಿಟ್ಟು, ಹೇಗೆ, ಎಲ್ಲಿ, ಯಾಕೆ ಎಂದು ವಿಚಾರಿಸತೊಡಗಿದರು. ಮುಂದಿನ ಅರ್ಧ ಗಂಟೆ ನಮ್ಮಿಬ್ಬರ ನಡುವೆ ಮಾತಿಗೆ ಬರವಿರಲಿಲ್ಲ.

ನಿಮಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ಈ ಸೆಷನ್ ಎಂಬುದು ಅನಾದಿ ಕಾಲದ ಆಚಾರವಲ್ಲ. ಧಾಟಿಗಳು ಹಳೆಯವು, ಪಬ್ಬಿನ ಕೂಟ ಹೊಸದು. ಹಿಂದೆ ಅಲ್ಲಿ ಕುಣಿತ, ವಾದನ ಎಲ್ಲ ಹಳ್ಳಿಯ ಮನೆಗಳ ಅಡುಗೆಕೋಣೆಯಲ್ಲೇ ನಡೆಯುತ್ತಿತ್ತು. 1935ರಲ್ಲಿ ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಬೇಕೆಂಬ ಕಾನೂನು ಬಂತು. ಪಾದ್ರಿಗಳು, ಪೊಲೀಸರು ಅದನ್ನೇ ಹಿಡಿದುಕೊಂಡು ಮನೆಗಳ ಕೂಟಕ್ಕೂ ಕೈ ಹಾಕಿದರು. ಜೊತೆಗೆ ಬಡತನ. ಸಾವಿರಾರು ಜನ ಕೂಲಿ ಹುಡುಕಿ ಇಂಗ್ಲೆಂಡಿಗೆ ಹೋದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ರಸ್ತೆ, ಕಟ್ಟಡ ಕಟ್ಟುತ್ತಿದ್ದ ಈ ಹುಡುಗರಿಗೆ ಬಾಡಿಗೆ ಕೋಣೆಯಲ್ಲಿ ನುಡಿಸಲು ಜಾಗವೆಲ್ಲಿ? ಸಂಜೆ ಪಬ್ಬಿನ ಮೂಲೆ ಸೇರಿದರು. ಒಂದೊಂದು ಜಿಲ್ಲೆಯವರು ತಂತಮ್ಮ ಧಾಟಿ ತಂದರು. ಇಂದು ನಾವು ನೋಡುವ ಸೆಷನ್ನು ಬಹುಪಾಲು ಹೀಗೆ ರೂಪುಗೊಂಡದ್ದು, ಮನೆ ಬಿಟ್ಟು ಬಂದವರ ಕೈಯಲ್ಲಿ. ಕ್ಲೇರಿನ ಮಹಾನ್ ಪೈಪ್ ವಾದಕ ವಿಲ್ಲೀ ಕ್ಲ್ಯಾನ್ಸಿ ಕೂಡ ಬಡಗಿ ಕೆಲಸಕ್ಕೆ ಲಂಡನ್ನಿಗೆ ಹೋಗಿದ್ದವರೇ; ತಂದೆ ತೀರಿಕೊಂಡಾಗ, 1957ರಲ್ಲಿ, ತಮ್ಮೂರು ಮಿಲ್‌ಟೌನ್ ಮಾಲ್ಬೇಗೆ ಮರಳಿದರು. ಅಟ್ಲಾಂಟಿಕ್ಕಿನ ಆಚೆ ಇನ್ನೊಬ್ಬರಿದ್ದರು, ಫ್ರಾನ್ಸಿಸ್ ಓನೀಲ್. ಕಾರ್ಕ್ ಜಿಲ್ಲೆಯಲ್ಲಿ ಹುಟ್ಟಿ ಶಿಕಾಗೋದ ಪೊಲೀಸ್ ಮುಖ್ಯಸ್ಥರಾದವರು. ವಲಸಿಗರ ಬಾಯಿಂದ, ಕೈಯಿಂದ ಕೇಳಿ ಕೇಳಿ ಸಂಗ್ರಹಿಸಿ 1907ರಲ್ಲಿ ಅವರು ಅಚ್ಚು ಹಾಕಿಸಿದ ಪುಸ್ತಕದಲ್ಲಿ 1001 ಕುಣಿತದ ಧಾಟಿಗಳಿವೆ. ಐರ್ಲೆಂಡಿನಲ್ಲೇ ಉಳಿದವರು ಇಂದಿಗೂ ಅದನ್ನು ತೆರೆಯುತ್ತಾರೆ.

ದೂರದ ಊರಿನಲ್ಲಿ ಕೂತು ತನ್ನ ಮನೆಯ ಹಾಡು ನೆನೆಯುವವರ ಸಂಕಟ ಅಲ್ಲಿಯ ಪ್ರತಿ ಕುಟುಂಬಕ್ಕೂ ಗೊತ್ತು. ನೀವು ಅಲ್ಲಿಗೆ ಹೋಗುವುದು ಅದೇ ಸ್ಥಿತಿಯಲ್ಲಿ. ಆದ್ದರಿಂದ ನೀವು ಹೊರಗಿನವರು ಎಂಬ ಅಳುಕು ಬೇಡ.

ಡೂಲಿನ್ನಿನ ಒಂದು ಸಂಜೆ ಹೇಳುತ್ತೇನೆ. ಗಾಲ್ವೇಯಿಂದ ಬಸ್ಸಿದೆ, ಸಮುದ್ರ ದಂಡೆಯ ಪುಟ್ಟ ಊರು. ವಾದ್ಯಗಳು ಒಂದು ಸುತ್ತು ಮುಗಿಸಿ ದಣಿವಾರಿಸಿಕೊಳ್ಳುತ್ತಿದ್ದವು. ಕಾನ್ಸರ್ಟೀನಾ ನುಡಿಸುತ್ತಿದ್ದ ಎಪ್ಪತ್ತು ದಾಟಿದ ಹೆಂಗಸು, ಆ ಆರು ಮೂಲೆಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಮಡಚಿಟ್ಟು, ನಿನಗೊಂದು ಹಾಡು ಬರುತ್ತದೆಯೇ ಎಂದು ಕೇಳಿದರು. ನಮ್ಮಜ್ಜಿಯಿಂದ ಕಲಿತ ರಾಗಿ ಬೀಸುವ ಪದ ಹಾಡಿದೆ, ತಾಳವಿಲ್ಲದೆ, ಶ್ರುತಿಯಿಲ್ಲದೆ. ಎರಡನೇ ನುಡಿಯ ಹೊತ್ತಿಗೆ ಪಕ್ಕದಲ್ಲಿದ್ದ ಮುದುಕರು ನನ್ನ ಬಲಗೈ ಹಿಡಿದು, ಹಾಡಿನ ನಡೆಗೆ ಸರಿಯಾಗಿ ಮೆಲ್ಲಗೆ ಸುತ್ತಿಸತೊಡಗಿದರು. ಆಮೇಲೆ ತಿಳಿಯಿತು, ಅಲ್ಲಿಯ ಶಾನ್-ನೋಸ್ ಹಾಡಿಗೆ ಅದು ಹಳೆಯ ರೂಢಿ. ವಾದ್ಯದ ನೆರವಿಲ್ಲದೆ ಒಂಟಿ ಕಂಠದಲ್ಲಿ, ಹೆಚ್ಚಾಗಿ ಐರಿಷ್ ಭಾಷೆಯಲ್ಲಿ ಹಾಡುವ ಪದ್ಧತಿ ಅದು. ಹತ್ತಿರದ ಕಾನೆಮಾರಾ ಅದರ ತವರು. ಕೇಳುವವರು ನಡುವೆಯೇ ಮೆಚ್ಚಿಗೆಯ ಮಾತು ಹೇಳುತ್ತಾರೆ, ನಮ್ಮ ಕಚೇರಿಯಲ್ಲಿ ಭೇಷ್ ಅಂದ ಹಾಗೆ. ಹಾಡು ಮುಗಿಯುವಾಗ ಕಡೆಯ ಮಾತುಗಳನ್ನು ಕೆಲವರು ಹಾಡದೆ ಬರಿ ಮಾತಿನಲ್ಲಿ ಹೇಳಿ ನಿಲ್ಲಿಸಿಬಿಡುತ್ತಾರೆ. ಮೊದಲ ಸಲ ಕೇಳಿದಾಗ ಎದೆ ಝಲ್ಲೆಂದಿತ್ತು.

ನನ್ನ ಪದದ ಅರ್ಥ ಏನೆಂದು ಆ ಹೆಂಗಸು ಕೇಳಿದರು. ಮೇಜಿನ ಮೇಲೆ ಬೀಸುಕಲ್ಲಿನ ಗೂಟ ಹಿಡಿದ ಹಾಗೆ ಮುಷ್ಟಿ ಮಾಡಿ ತಿರುಗಿಸಿ ತೋರಿಸಿದೆ. ಅವರು ಎದ್ದು ಕೂತರು. ತಮ್ಮ ತಾಯಿ ಉಣ್ಣೆ ನೂಲುವಾಗ ಹಾಡುತ್ತಿದ್ದುದನ್ನು ಗುನುಗಿ, ಎಡಗೈಯಲ್ಲಿ ಎಳೆ ಎಳೆಯುತ್ತ, ಬಲಗೈಯಲ್ಲಿ ಚಕ್ರ ತಿರುಗಿಸುತ್ತ ತೋರಿಸಿದರು. ಇಬ್ಬರೂ ಒಂದೇ ಮೇಜಿನ ಮೇಲೆ ಕೈ ತಿರುಗಿಸುತ್ತ ಕೂತಿದ್ದೆವು.

ಹಾಗಾಗಿ ಯಾವ ಹಾಡು ಹಾಡಲಿ ಎಂದು ನೀವು ಕೇಳಿದರೆ, ಸೋಬಾನೆಯೋ, ಜೋಗುಳವೋ, ನಿಮ್ಮಮ್ಮ ಹಾಡುತ್ತಿದ್ದ ದೇವರನಾಮವೋ, ದೇಹಕ್ಕೆ ಅಂಟಿರುವ ಯಾವುದಾದರೂ ಆದೀತು ಅನ್ನುತ್ತೇನೆ. ಮೊಬೈಲಿನಲ್ಲಿ ಕರೋಕೆ ಹಾಕಿಕೊಂಡು ಸಿನಿಮಾ ಹಾಡು ಮಾತ್ರ ಬೇಡ. ಯಂತ್ರ ಮಧ್ಯೆ ಬಂದರೆ ಆ ದುಂಡಗಿನ ಕೂಟ ಒಡೆಯುತ್ತದೆ. ಪಾಠದಲ್ಲಿ ನೊಟ್ಟುಸ್ವರ ಕಲಿತಿದ್ದರೆ ಅದನ್ನೂ ಇಟ್ಟುಕೊಂಡಿರಿ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಇಂಗ್ಲಿಷರ ಬ್ಯಾಂಡಿನಿಂದ ಕೇಳಿದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರಲ್ಲ, ಅವುಗಳಲ್ಲಿ ಐರಿಷ್, ಸ್ಕಾಟಿಷ್ ಧಾಟಿಗಳೂ ಇವೆ. ಇನ್ನೂರು ವರ್ಷ ನಮ್ಮ ಮನೆಯಲ್ಲಿ ಬೆಳೆದ ಅವರ ಮಗುವನ್ನು ಕೇಳಿ ಅವರಿಗೆ ಎಷ್ಟು ಸಂತೋಷವಾದೀತು!

ಒಂದೆರಡು ರೀತಿ ರಿವಾಜು. ಮೂಲೆಯ ಕುರ್ಚಿಗಳು ವಾದಕರಿಗೆ ಮೀಸಲು, ಕೇಳಿ ಕೂತುಕೊಳ್ಳಿ. ಮೇಜು ಕುಟ್ಟಿ ತಾಳ ಹಾಕಬೇಡಿ, ತೊಡೆಯ ಮೇಲೆ ಹಾಕಿ. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಪಡೆಯಿರಿ. ಅವರು ಕೇಳುವ ತನಕ ಹಾಡಲು ಅವಸರ ಬೇಡ. ವಾರಕ್ಕೊಮ್ಮೆ ಅದೇ ಜಾಗಕ್ಕೆ ಹೋಗಿ ಕೂತು ಮನಸ್ಸಿಟ್ಟು ಕೇಳಿದರೆ ಅವರಾಗಿಯೇ ಕೇಳುತ್ತಾರೆ. ಕೇಳುವವರ ಮುಖವನ್ನು ಸಂಗೀತಗಾರರು ಮರೆಯುವುದಿಲ್ಲ.

ಜುಲೈ ತನಕ ಅಲ್ಲಿದ್ದರೆ ಮಿಲ್‌ಟೌನ್ ಮಾಲ್ಬೇಗೆ ಹೋಗಿಬನ್ನಿ. ವಿಲ್ಲೀ ಕ್ಲ್ಯಾನ್ಸಿ ತೀರಿಕೊಂಡ 1973ರಲ್ಲೇ ಅವರ ಹೆಸರಿನಲ್ಲಿ ಶುರುವಾದ ಬೇಸಿಗೆ ಶಾಲೆ ಆ ತಿಂಗಳು ಒಂದು ವಾರ ನಡೆಯುತ್ತದೆ. ಬೆಳಿಗ್ಗೆ ಹತ್ತು ವರ್ಷದ ಹುಡುಗಿಯರೂ ಎಂಬತ್ತರ ಅಜ್ಜಂದಿರೂ ಒಂದೇ ತರಗತಿಯಲ್ಲಿ ಕೂತು ಕಿವಿಯಿಂದ ಕಲಿಯುತ್ತಾರೆ. ಸಂಜೆ ಊರಿನ ಪಬ್ಬುಗಳೆಲ್ಲ ತುಂಬಿ ಹಾಡು ಬೀದಿಗೆ ಬರುತ್ತದೆ. ಉಳಿದುಕೊಳ್ಳಲು ಮನೆ ಸಿಗುವುದು ಕಷ್ಟ, ಮಗಳಿಗೆ ಈಗಲೇ ಹೇಳಿ ಗೊತ್ತು ಮಾಡಿಸಿ.

ಇನ್ನೊಂದು ಪದ್ಧತಿ ಹೇಳುವುದು ಉಳಿದಿತ್ತು. ಹಾಡು ಮುಗಿಸಿದವರಿಗೆ ಮುಂದೆ ಹಾಡುವವರನ್ನು ಕರೆಯುವ ಹಕ್ಕು ಸಿಗುತ್ತದೆ, ಕರೆಸಿಕೊಂಡವರು ಸಾಧಾರಣವಾಗಿ ಇಲ್ಲವೆನ್ನುವುದಿಲ್ಲ. ಮಗಳು ಊರು ಬಿಟ್ಟ ಮೇಲೆ ಹಾಡುವುದನ್ನೇ ಬಿಟ್ಟಿದ್ದಾಳೆ ಎಂದು ಬರೆದಿದ್ದಿರಿ. ನಿಮ್ಮ ಸರದಿ ಬಂದಾಗ ಹಾಡಿ ಮುಗಿಸಿ, ಅವಳ ಹೆಸರನ್ನೇ ಕರೆಯಿರಿ.

ಪ್ರಯಾಣ ಸುಖಕರವಾಗಲಿ. ಹೋಗಿ ತಲುಪಿದ ಮೇಲೆ ಕಾಗದ ಬರೆಯಿರಿ.

ನಿಮ್ಮ ತಮ್ಮನಂಥ ಗೆಳೆಯ