ಮಿರಜಕ್ಕೆ ಬಂದ ಪಾದುಕೆ ಹೂವು

ಸಾಂಗಲಿ, ಮಿರಜ ಅಂದರೆ ಅರಿಶಿನದ ಪೇಟೆ, ಕಬ್ಬಿನ ಹೊಲ, ದ್ರಾಕ್ಷಿ ಪಡ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುವ ಈ ಬಯಲಿನಲ್ಲಿ ಮಂಜಿನ ಕಾಡಿನ ಸ್ಲಿಪ್ಪರ್ ಆರ್ಕಿಡ್ ಬೆಳೆಸಬೇಕೆಂಬುದು ನನ್ನ ಬಹುಕಾಲದ ಆಸೆ. ಆ ಆಸೆಯೇ ನನ್ನನ್ನು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿಸಿ ಬೆಂಗಳೂರಿನ ಹೊರವಲಯದ ಒಂದು ಆರ್ಕಿಡ್ ನರ್ಸರಿಯ ಬಾಗಿಲಿಗೆ ಒಯ್ದಿತು.

ನೆರಳುಬಲೆಯ ಕೆಳಗೆ ಕಾಲಿಟ್ಟೊಡನೆ ತಂಪು, ಒದ್ದೆ ತೊಗಟೆಯ ವಾಸನೆ. ಮೇಲೆ ಬೇರು ಇಳಿಬಿಟ್ಟು ತೂಗುವ ವಾಂಡಾಗಳು. ಕೆಳಗೆ, ಬೆಳಕು ಕಡಿಮೆಯಿರುವ ಮೂಲೆಯಲ್ಲಿ ಸ್ಲಿಪ್ಪರ್‌ಗಳು. ಒಂದೊಂದು ಗಿಡಕ್ಕೆ ಒಂದೇ ಹೂವು: ನೆತ್ತಿಯಲ್ಲಿ ಗೆರೆ ಬರೆದ ಅಗಲ ದಳ, ಇಕ್ಕೆಲಗಳಲ್ಲಿ ಚಾಚಿದ ಎರಡು ಎಸಳು, ಮುಂದೆ ನುಣುಪಾದ ಚೀಲ. ನಾನು ಮಂಡಿಯೂರಿ ಕೂತೇ ಬಿಟ್ಟೆ.

ಆ ಚೀಲದಲ್ಲಿ ಮಕರಂದವಿಲ್ಲ. ಮೋಸಹೋಗಿ ಒಳಗೆ ಬಿದ್ದ ನೊಣ ಬಂದ ದಾರಿಯಲ್ಲಿ ಹೊರಬೀಳಲಾರದು, ಗೋಡೆ ಅಷ್ಟು ನುಣುಪು. ಹಿಂದಿನ ಇಕ್ಕಟ್ಟಿನ ಓಣಿಯೊಂದೇ ಗತಿ. ಅಲ್ಲಿ ಮೊದಲು ಶಲಾಕಾಗ್ರ ಅದರ ಬೆನ್ನಿಗೆ ತಾಗುತ್ತದೆ, ಹೊರಬೀಳುವ ಹೊತ್ತಿಗೆ ಪರಾಗ ಅಂಟುತ್ತದೆ. ಮೊದಲ ಹೂವಿನ ಪರಾಗ ಹೊತ್ತು ಎರಡನೆಯ ಹೂವಿನಲ್ಲೂ ಅದು ಬಿದ್ದರೆ ಮಾತ್ರ ಬೀಜ. ಇಷ್ಟು ಕರಾರುವಾಕ್ಕಾದ ಏರ್ಪಾಡು ಬೆರಳುದ್ದದ ಹೂವಿನಲ್ಲಿ!

ನರ್ಸರಿಯವರು ಒಳಗಿನಿಂದ ಗಾಜಿನ ಸೀಸೆಯೊಂದನ್ನು ತಂದು ಬೆಳಕಿಗೆ ಹಿಡಿದರು. ಅಗರ್ ಮೇಲೆ ಹಸಿರು ಚುಕ್ಕೆಗಳಂಥ ಸಸಿಗಳು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಬುತ್ತಿ ಅದರೊಳಗಿಲ್ಲ. ಕಾಡಿನಲ್ಲಿ ಶಿಲೀಂಧ್ರವೊಂದು ಉಣಿಸಬೇಕು. ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರವಿಲ್ಲದೆಯೂ ಬೀಜ ಮೊಳೆಯುತ್ತದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟರು. ಹೂವಿನ ಅಂಗಡಿಯ ಎಷ್ಟೋ ಆರ್ಕಿಡ್‌ಗಳು ಅಂಗಾಂಶ ಕೃಷಿಯಲ್ಲಿ ಹುಟ್ಟಿದ ಪಡಿಯಚ್ಚುಗಳು. ಸ್ಲಿಪ್ಪರ್ ಆ ದಾರಿಗೆ ಸುಲಭವಾಗಿ ಒಗ್ಗುವುದಿಲ್ಲ. ಬೀಜದಿಂದ ಬರಬೇಕು, ಇಲ್ಲವೇ ಬುಡ ಒಡೆದು ನೆಡಬೇಕು. ಬೀಜದಿಂದ ಎದ್ದ ಗಿಡ ಹೂಬಿಡಲು ವರ್ಷಗಳೇ ಬೇಕು. ಹಾಗೆ ಎದ್ದ ಒಂದು ಗಿಡದಂತೆ ಇನ್ನೊಂದಿಲ್ಲ.

ಆ ಸೀಸೆ ಕಂಡಾಗ ನನಗೆ ನೆನಪಾದದ್ದು ಡ್ರೂರಿ ಎಂಬ ಹೆಸರಿನ ಗಿಡ. ದಕ್ಷಿಣ ಭಾರತದ ಕಾಡಿನಲ್ಲಿರುವ ಸ್ಲಿಪ್ಪರ್ ಅದೊಂದೇ, ಅಗಸ್ತ್ಯಮಲೆಯ ಹಳದಿ ಹೂವು. ಕರ್ನಲ್ ಹೆಬರ್ ಡ್ರೂರಿ 1865ರಲ್ಲಿ ತಿರುವಾಂಕೂರಿನ ಬೆಟ್ಟಗಳಲ್ಲಿ ಅದನ್ನು ಕಂಡ. ಆಮೇಲೆ ಸಂಗ್ರಾಹಕರು ಕಿತ್ತು ಕಿತ್ತು ಅದು ನಿರ್ನಾಮದ ಅಂಚಿಗೆ ಬಂತು. ಕೇರಳದ ಪಾಲೋಡಿನ ಸಸ್ಯೋದ್ಯಾನದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಸಸಿ ಎಬ್ಬಿಸಿ ಮತ್ತೆ ಬೆಟ್ಟಕ್ಕೆ ಒಯ್ದು ನೆಟ್ಟರು. ಹೂವಿನ ಮೇಲಿನ ಪ್ರೀತಿಯೇ ಹೂವಿಗೆ ಕುತ್ತಾಗಬಲ್ಲದು. ಅದಕ್ಕೇ ಇವತ್ತು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಅನುಬಂಧವೂ ಈ ಗಿಡಗಳಿಗೆ ಕಾವಲಿವೆ. ಗಿಡ ಎಲ್ಲಿ ಹುಟ್ಟಿತು ಎಂದು ಕೇಳಿದೆ. ನರ್ಸರಿಯವರು ಕಾಗದಪತ್ರ ಮುಂದಿಟ್ಟರು. ಆಗಲೇ ಮನಸ್ಸು ಹಗುರಾಯಿತು.

ನಾನು ಆರಿಸಿದ್ದು 'ಮಾಡಿಯೇ' ಎಂಬ ಹಸಿರು ಬಿಳುಪಿನ ಸ್ಲಿಪ್ಪರ್. ಥಾಯ್ಲೆಂಡ್ ಕಡೆಯ ಕ್ಯಾಲೋಸಮ್, ಬೋರ್ನಿಯೋದ ಲಾರೆನ್ಸಿಯಾನಮ್ ಕೂಡಿಸಿ ಇಂಗ್ಲೆಂಡಿನಲ್ಲಿ ಪಡೆದ, 1900ರಷ್ಟು ಹಳೆಯ ಮಿಶ್ರತಳಿ. "ಎಲೆ ಮೇಲೆ ಚಿತ್ತಾರ ಇರೋದು ಸೆಕೆ ತಡ್ಕೊಳುತ್ತೆ ಮೇಡಂ. ಬರೀ ಹಸಿರು ಎಲೆಯದ್ದಕ್ಕೆ ತಂಪು ಬೇಕು. ಸುಳಿಯಲ್ಲಿ ನೀರು ನಿಲ್ಲಬಾರದು, ಬೇರು ಒಣಗಬಾರದು" ಎಂದರು. ನೀರು ಕೂಡಿಡುವ ಗಡ್ಡೆ ಇದಕ್ಕಿಲ್ಲ.

ವಾಪಸು ರೈಲಿನಲ್ಲಿ ಕಿಟಕಿಯ ಪಕ್ಕ ಮಡಿಲಲ್ಲಿ ಕುಂಡ. ಧಾರವಾಡ ದಾಟಿ ಲೋಂಡಾದ ಕಾಡು ಬಂತು. ಮುಂಗಾರಿನ ಮೊದಲ ಮಳೆ, ಮರದ ಕೊಂಬೆಗಳಲ್ಲಿ ಸೀತಾಳೆ ದಂಡೆ ಜೋತಾಡುವ ಕಾಲ. ಅವೂ ಆರ್ಕಿಡ್‌ಗಳೇ, ನಮ್ಮ ಕಾಡಿನವೇ. ಅವನ್ನು ಅಲ್ಲೇ ನೋಡಿ ದಣಿಯಬೇಕು. ಘಟಪ್ರಭೆಯಲ್ಲಿ ಹತ್ತಿದ ಅಜ್ಜಿ ಹೂವನ್ನು ಬಗ್ಗಿ ನೋಡಿ, "ಏನ್ ಹೂವ ತಂಗಿ ಇದು? ಜೋಳಿಗಿ ಕಟ್ಕೊಂಡ್ ನಿಂತಂಗ ಐತಿ ನೋಡ!" ಎಂದು ಗಲ್ಲಕ್ಕೆ ಕೈಯಿಟ್ಟರು. ಕುಡಚಿಯಾಚೆ ಕೃಷ್ಣೆಯ ಸೇತುವೆ ದಾಟಿದಾಗ ಇಡೀ ಬೋಗಿಯೇ ಹೂವಿನ ಸುತ್ತ ಇತ್ತು.

ಮಿರಜದಲ್ಲಿ ಅದಕ್ಕೆ ಮೂಡಣ ಕಿಟಕಿ, ಅಡಿಯಲ್ಲಿ ಬೆಣಚುಕಲ್ಲು ನೀರಿನ ತಟ್ಟೆ. ಬೋರಿನ ಗಡಸು ನೀರು ಬೇಡ, ಹಿಡಿದಿಟ್ಟ ಮಳೆನೀರೇ. ಹೂಬಿಟ್ಟ ಸುಳಿ ಮತ್ತೆಂದೂ ಹೂಬಿಡದು. ಪಕ್ಕದಲ್ಲಿ ಹೊಸ ಮರಿ ಏಳಬೇಕು. ಈಗ ಎದ್ದಿದೆ. ಮರಿಗಳು ಕೂಡಿ ಬುಡ ಗಟ್ಟಿಯಾದ ವರ್ಷ ಅದನ್ನು ಒಡೆದು, ಒಂದು ಪಾಲು ಸಾಂಗಲಿಯ ಅಕ್ಕನ ಮನೆಗೆ. ಕಾಡಿಗೆ ಕೈಹಾಕದೆ ಈ ಹೂವು ಊರಿಂದೂರಿಗೆ ಹೋಗಬೇಕಾದ ದಾರಿ ಇದೇ.